ಕೆಲಸ ಹೋದ ಭಕ್ತರಿಗೆ ಪೈಥಾನ್: ಬಳಸುವ ವಿಧಾನ

ಈ ಕೈಪಿಡಿ ಮಂಗಳೂರು ಕಡೆಯ ಕೆಲಸವಿಲ್ಲದ ಕಥೊಲಿಕರಿಗೆ. ಗಲ್ಫಿನಿಂದ ವೀಸಾ ಮುಗಿಸಿ ಬಂದವರೂ ಬೆಂಗಳೂರಿನ ಕಂಪನಿ ಮನೆಗೆ ಕಳಿಸಿದವರೂ ಬಳಸಬಹುದು. ಪ್ರೊಟೆಸ್ಟೆಂಟರು ನೊವೆನಾದ ಭಾಗ ಬಿಟ್ಟು ಓದಿಕೊಳ್ಳಲಿ.

ಬೇಕಾಗುವ ಸಾಮಗ್ರಿ: ಹಳೇ ಲ್ಯಾಪ್‌ಟಾಪ್ (ಬ್ಯಾಟರಿ ಸತ್ತಿದ್ದರೆ ಪ್ಲಗ್ ಪಕ್ಕ ಕೂತರಾಯಿತು), ಮೊಬೈಲಿನ ಹಾಟ್‌ಸ್ಪಾಟ್, ಜಪಸರ, ದಿನಕ್ಕೊಮ್ಮೆ “ಕೆಲಸ ಆಯ್ತಾ ಪುತಾ?” ಎಂದು ಕೇಳಲು ಒಬ್ಬರು. ಈ ಕೊನೆಯದು ಎಲ್ಲ ಮನೆಗಳಲ್ಲೂ ಮೊದಲೇ ಅಳವಡಿಸಿರುತ್ತದೆ, ತೆಗೆಯಲು ಬರುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ.

ಚಾಲನೆ: ಬೆಳಗಿನ ಪೂಜೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರು ಹಿಡಿಯುವ ಮೊದಲೇ ಜಾರಿಕೊಳ್ಳಲು ಅಲ್ಲಿಂದಲೇ ಸುಲಭ. ಮನೆಗೆ ಬಂದು ಮೊದಲ ಲೂಪ್ ಬರೆಯಿರಿ. ನೊವೆನಾ ಒಂಬತ್ತು ದಿನದ ಪ್ರಾರ್ಥನೆಯಲ್ಲವೇ, ಅದನ್ನೇ ಎಣಿಸಿ. ಪೈಥಾನಿನ ಲೆಕ್ಕ ಸೊನ್ನೆಯಿಂದ ಶುರು, ಕೊನೆಯ ಅಂಕಿ ಸೇರುವುದಿಲ್ಲ. ಹಾಗಾಗಿ ಒಂದರಿಂದ ಒಂಬತ್ತರವರೆಗೆ ಎಂದು ರೇಂಜ್ ಕೊಟ್ಟರೆ ಎಂಟೇ ದಿನ ನಡೆದು ನಿಲ್ಲುತ್ತದೆ. ಹರಕೆ ಅರ್ಧಕ್ಕೇ ನಿಂತಿತೆಂದು ಬಿಕರ್ನಕಟ್ಟೆಯ ಬಾಲ ಯೇಸುವಿನ ಬಳಿ ದೂರಬೇಡಿ, ಹತ್ತು ಎಂದು ತಿದ್ದಿ.

ಎಚ್ಚರಿಕೆ: ಪರದೆಯಲ್ಲಿ ಎರರ್ ಬಂದಾಗ ತಕ್ಷಣ ಮೊಣಕಾಲೂರಬೇಡಿ. ಮೊದಲು ಅದರ ಕೊನೆಯ ಸಾಲು ಓದಿ. ಏನು ಕೆಟ್ಟಿದೆಯೆಂದು ಅಲ್ಲೇ ಬರೆದಿರುತ್ತದೆ. ಹೇಳದೆ ಉಳಿಸಿಕೊಂಡದ್ದನ್ನೂ ಕೇಳಿಸಿಕೊಳ್ಳುವ ದೇವರ ಹತ್ತಿರ ವರ್ಷಗಟ್ಟಲೆ ಮಾತಾಡಿ ರೂಢಿಯಾದವರಿಗೆ, ಟೈಪ್ ಮಾಡಿದ್ದನ್ನಷ್ಟೇ ಕೇಳುವ ಯಂತ್ರದ ಜೊತೆ ಏಗುವುದು ಕಷ್ಟವೇ.

ಇದೆಲ್ಲ ಲೋಕದ ವ್ಯಾಮೋಹವೆಂದು ಮನೆಯಲ್ಲಿ ಯಾರಾದರೂ ಅಂದರೆ ಎರಡು ಹೆಸರು ಹೇಳಿ. ಡೊನಾಲ್ಡ್ ನೂತ್, ಅಲ್ಗಾರಿದಮ್ ವಿಶ್ಲೇಷಣೆಯ ಪಿತಾಮಹ, ಲುಥೆರನ್. ಬೈಬಲಿನ ಪುಸ್ತಕಗಳ ಮೂರನೇ ಅಧ್ಯಾಯದ ಹದಿನಾರನೇ ವಚನಗಳನ್ನು ಹಿಡಿದು 1991ರಲ್ಲಿ ಒಂದು ಪುಸ್ತಕವನ್ನೇ ತಂದವರು. ಲ್ಯಾರಿ ವಾಲ್ 1987ರಲ್ಲಿ ಮಾಡಿದ ಪರ್ಲ್ ಭಾಷೆಯ ಹೆಸರು ಮತ್ತಾಯನ ಸುವಾರ್ತೆಯ ಮುತ್ತಿನ ಸಾಮತಿಯಿಂದ ಬಂದದ್ದು. ಅದರಲ್ಲಿ ‘ಬ್ಲೆಸ್’ ಎಂಬ ಆಜ್ಞೆಯೇ ಇದೆ. ಈಗ ಪರ್ಲ್ ಬಲ್ಲವರನ್ನು ಹುಡುಕುವ ಕಂಪನಿಗಳು ಕಡಿಮೆ, ಅದಕ್ಕೆ ದೇವರು ಹೊಣೆಯಲ್ಲ.

ತಿಂಗಳುಗಳು ಉರುಳಿ ಧೈರ್ಯ ಕುಸಿದಾಗ ಮತ್ತಾಯನ 20ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷಿತೋಟದ ಯಜಮಾನ ಸಂಜೆ ಐದರ ಸುಮಾರಿಗೆ ಪೇಟೆಗೆ ಬಂದಾಗಲೂ ಅಲ್ಲಿ ಕೆಲವರು ನಿಂತೇ ಇದ್ದರು, ಅವರನ್ನು ಯಾರೂ ಕರೆದಿರಲಿಲ್ಲ. ಒಂದು ತಾಸು ದುಡಿದು ಇಡೀ ದಿನದ ಕೂಲಿ ಪಡೆದರು. ಪ್ರಸಂಗಗಳಲ್ಲಿ ಯಜಮಾನನ ಔದಾರ್ಯವೇ ಬರುತ್ತದೆ. ನನಗೆ ಕಾಣುವುದು ಐದು ಗಂಟೆಯವರೆಗೂ ಅವರು ಪೇಟೆ ಬಿಟ್ಟು ಕದಲಲಿಲ್ಲ ಎಂಬುದು. ಮನೆಯಲ್ಲಿ ಮಲಗಿದ್ದರೆ ಯಜಮಾನ ಬಾಗಿಲು ತಟ್ಟುತ್ತಿದ್ದನೇ? ನೌಕ್ರಿ ಡಾಟ್ ಕಾಮ್‌ನಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡಿ.

ಮೊದಲ ಪ್ರಾಜೆಕ್ಟ್: ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಪ್ರತಿ ಮನೆಗೂ ಹೊಸ ತೆನೆ ಹಂಚುತ್ತಾರೆ. ಕುಟುಂಬಗಳ ಪಟ್ಟಿ ಗುರ್ಕಾರರ ನೋಟ್‌ಬುಕ್ಕಿನಲ್ಲಿರುತ್ತದೆ. ಅದನ್ನು ಪ್ರೋಗ್ರಾಮಿಗೆ ಹಾಕಿಕೊಡುತ್ತೇನೆಂದು ಫಾದರ್‌ಗೆ ಹೇಳಿ. ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಮೊದಲ ಡಿಸೋಜಾಗೆ ಬರುವಾಗಲೇ ಪ್ರೋಗ್ರಾಮ್ ಬೀಳುತ್ತದೆ. ಆ ಹೆಸರಿನಲ್ಲಿ ‘ಡಿ’ ಆದ ಮೇಲೊಂದು ಅಪಾಸ್ಟ್ರಫಿ ಇದೆ. ನೀವು ಹೆಸರನ್ನು ಒಂಟಿ ಕೋಟ್‌ಗಳ ನಡುವೆ ಇಟ್ಟಿದ್ದೀರಿ. ಹೆಸರು ‘ಡಿ’ಗೇ ಮುಗಿಯಿತೆಂದು ಪೈಥಾನ್ ತಿಳಿದು, ಉಳಿದ ಸೋಜಾನನ್ನು ಸಿಂಟ್ಯಾಕ್ಸ್ ಎರರ್ ಎಂದು ಹೊರಹಾಕುತ್ತದೆ. ಡಿಸಿಲ್ವ, ಡಿಕುನ್ಹ, ಡಿಮೆಲ್ಲೊ ಎಲ್ಲರದ್ದೂ ಇದೇ ಗತಿ. ಪಿಂಟೊ, ಲೋಬೊ ಪಾರು. ಜೋಡಿ ಕೋಟ್ ಹಾಕಿ. ಆಮೇಲೆ ಒಂದೇ ಡಿಸೋಜಾ ಕುಟುಂಬ ಮೂರು ಸ್ಪೆಲ್ಲಿಂಗಿನಲ್ಲಿ ಮೂರು ತೆನೆ ಪಡೆಯುವುದನ್ನೂ ತಡೆಯಬೇಕು.

ಸಂಬಳದ ಮಾತನ್ನು ಫಾದರ್ ಎತ್ತುವುದಿಲ್ಲ, ನೀವೂ ಎತ್ತಬೇಡಿ. ಪೂಜೆಯ ಕೊನೆಯ ಪ್ರಕಟಣೆಯಲ್ಲಿ ನಿಮ್ಮ ಹೆಸರು ಹೇಳುವಂತೆ ಮಾತ್ರ ಕೇಳಿಕೊಳ್ಳಿ. ಬೆಂಚುಗಳ ತುಂಬಾ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿರುವ ಮಕ್ಕಳ ತಾಯಂದಿರು ಕೂತಿರುತ್ತಾರೆ. ಸುದ್ದಿ ನೌಕ್ರಿಗಿಂತ ಬೇಗ ಮುಟ್ಟುತ್ತದೆ.