ನೆಗಡಿ ಸಾಹುಕಾರರು

ಗುಂಡ್ಲುಪೇಟೆಯ ಯಾವ ಟೀ ಅಂಗಡಿಗೆ ಹೋದರೂ ಇವರೊಬ್ಬರು ಸಿಗುತ್ತಾರೆ. ಹೆಗಲ ಮೇಲಿನ ಟವಲಿನ ಒಂದು ತುದಿ ಮೂಗಿಗೆ, ಇನ್ನೊಂದು ಕನ್ನಡಕಕ್ಕೆ. ತುದಿಗಳು ಅದಲುಬದಲಾಗುವುದೂ ಉಂಟು. ಜೇಬಿನಲ್ಲಿ ಊಟಿ ರಸ್ತೆಯಲ್ಲಿ ಕೊಂಡ ನೀಲಗಿರಿ ಎಣ್ಣೆಯ ಶೀಶೆ. ಗೋಪಾಲಸ್ವಾಮಿ ಬೆಟ್ಟದ ಮಂಜಿಗೊಂದು ನೆಗಡಿ, ಚಾಮರಾಜನಗರದ ಆಷಾಢದ ತೇರಿಗೊಂದು, ಚೆಂಡುಹೂವಿನ ಹೊಲಕ್ಕೊಂದು. (ಹೂವಿನ ಸೀನಿಗೆ ವೈರಸ್ಸೇ ಬೇಕಿಲ್ಲ, ಅಲರ್ಜಿ ಸಾಕು. ಇವರಿಗೆ ಅದನ್ನು ಹೇಳುವವರು ಯಾರು?)

"ನಮ್ಮಪ್ಪ ಆಸ್ತಿ ಮಾಡಿದ್ರು, ನಾನು ನೆಗಡಿ ಮಾಡಿವ್ನಿ ಕನಪ್ಪ."

ಈ ಆಸ್ತಿಗೆ ಬೆಲೆ ಬಂದದ್ದು 2020ರಲ್ಲಿ. ರಾಜ್ಯವೆಲ್ಲ ಕೋವಿಡ್ ಹಬ್ಬಿದರೂ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ಬಂದರೂ ಒಂದು ಪ್ರಕರಣವಿಲ್ಲ. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ನಿದ್ದೆಗೆಟ್ಟವರು ಯಾರೋ, ಹೆಸರು ಹೊಡೆದುಕೊಂಡದ್ದು ಇವರ ಮೂಗು. "ಕೊರೊನಾನೂ ನೆಗಡಿ ಜಾತೀದೇ ಕನ, ನಮ್ ಮೈಗೆ ಗುರ್ತದೆ ಬುಡು!" ಜೂನ್ 9ರಂದು ಮುಂಬೈಯಿಂದ ಬಂದವರೊಬ್ಬರಲ್ಲಿ ಸೋಂಕು ಪತ್ತೆಯಾದಾಗಲೂ ಜಗ್ಗಲಿಲ್ಲ. "ಅದು ಮುಂಬೈ ಮೂಗು."

2021ರ ಮೇ ತಿಂಗಳಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ಜನ ಸತ್ತಾಗ ಮಾತ್ರ ಆ ಬಾಯಿ ಮುಚ್ಚಿತು. ಯಾರಿಗೂ ಹೇಳದೆ ಹೋಗಿ ಲಸಿಕೆಯ ಸಾಲಿನಲ್ಲಿ ನಿಂತರು.

ಬಾಯಿ ಮತ್ತೆ ತೆರೆಸಿದವಳು ಮೆಡಿಕಲ್ ಓದುತ್ತಿದ್ದ ಅಕ್ಕನ ಮಗಳು. ಮಾವನ ವಾದ ಪೂರ್ತಿ ಸುಳ್ಳಲ್ಲವಂತೆ! ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೋಂಕಿತರ ಜೊತೆ ಒಂದೇ ಮನೆಯಲ್ಲಿದ್ದ 52 ಜನರ ರಕ್ತ ಪರೀಕ್ಷಿಸಿ, 2022ರ ಜನವರಿಯಲ್ಲಿ ವರದಿ ಪ್ರಕಟಿಸಿದ್ದರು. ಅವರಲ್ಲಿ ಸೋಂಕು ತಗಲದೆ ಉಳಿದ 26 ಮಂದಿಯಲ್ಲಿ, ಹಳೆಯ ನೆಗಡಿ ಕೊರೊನಾಗಳು ಪಳಗಿಸಿಟ್ಟ ರೋಗನಿರೋಧಕ ಟಿ-ಕೋಶಗಳು ಹೆಚ್ಚಿದ್ದವು. ವೈರಸ್ಸಿನ ಹೊರಮೈಯ ಮುಳ್ಳು ಬದಲಾಗುತ್ತಲೇ ಇರುತ್ತದೆ; ಒಳಗಿನ ಪ್ರೋಟೀನುಗಳು ಅಷ್ಟು ಬೇಗ ಬದಲಾಗುವುದಿಲ್ಲ. ಈ ಕೋಶಗಳು ಗುರುತು ಹಿಡಿಯುವುದು ಆ ಒಳಗಿನದನ್ನು.

"ಆದ್ರೆ ನಿಮ್ದು ಯಾವ ನೆಗಡಿ, ಮಾವ? ಮುಕ್ಕಾಲುಪಾಲು ನೆಗಡಿ ರೈನೋವೈರಸ್ ಥರದ ಬೇರೆ ವೈರಸ್‌ಗಳದ್ದು. ನೆಗಡಿ ತರೋ ಕೊರೊನಾ ನಾಲ್ಕೇ: 229ಇ, ಎನ್‌ಎಲ್63, ಒಸಿ43, ಎಚ್‌ಕೆಯು1."

"ಇವೇನ್ ಬಸ್ ನಂಬರಾ?"

"ಅವೂ ವರ್ಷ ಕಳೆಯೋದ್ರೊಳಗೆ ಮತ್ತೆ ಅಂಟಬಹುದು. ನೆಗಡಿ ನಂಬ್ಕೊಂಡು ಕೂರಬೇಡಿ, ಲಸಿಕೆ ಹಾಕಿಸ್ಕೊಳ್ಳಿ ಅಂತ ಅವ್ರೇ ಹೇಳವ್ರೆ."

ಸಾಹುಕಾರರು ಕೊನೆಯ ಎರಡು ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರ ದುಃಖವೇ ಬೇರೆ.

"ಅಲ್ಲ ಕನವ್ವ, ಲಂಡನ್ನೋರು 52 ಜನ್ರನ್ನ ಹುಡುಕ್ಕೊಂಡ್ ಅಲೆದವ್ರಲ್ಲ, ಗುಂಡ್ಲುಪೇಟೇಲಿ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"