ಕೊಡಲಿ ಎತ್ತಿದ ಗಂಡಸು

ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ಮಿರಮಾರ್ ಬಡಾವಣೆಯಲ್ಲಿರುವ ವೇಟಾ ವರ್ಕ್‌ಶಾಪ್ ನೋಡಲು ಹೋಗಿದ್ದೆವು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಕತ್ತಿ, ಕವಚ, ವಿಕಾರ ಮುಖಗಳೆಲ್ಲ ತಯಾರಾದದ್ದು ಇಲ್ಲೇ. ಕೆಲವನ್ನು ಮುಟ್ಟಿಯೂ ನೋಡಬಹುದು. ಗೈಡ್ ಹುಡುಗಿ ಕೊಡಲಿಯೊಂದನ್ನು ಚಾಚಿದಳು. ನಾನು ಸೊಂಟನೋವನ್ನು ನೆನೆದು, ಕಾಲಗಲಿಸಿ, ಉಸಿರು ಬಿಗಿಹಿಡಿದು ಎತ್ತಿದೆ. ರಬ್ಬರಿನದು! ನನ್ನ ಪರಾಕ್ರಮಕ್ಕೆ ಸೂರು ಹಾರಿಹೋಗದಿದ್ದುದೇ ಪುಣ್ಯ. ಯೋಧರ ಸರಪಳಿ ಕವಚದ್ದೂ ಇದೇ ಕಥೆ: ಪ್ಲಾಸ್ಟಿಕ್ ಪೈಪನ್ನು ಸಣ್ಣ ಉಂಗುರಗಳಾಗಿ ಕತ್ತರಿಸಿ, ಕೈಯಲ್ಲೇ ಒಂದಕ್ಕೊಂದು ಪೋಣಿಸಿ, ಲೋಹದ ಹೊಳಪು ಕೊಟ್ಟದ್ದು. ಇದು ನಮ್ಮ ಪ್ಲಂಬರ್ ಕಿವಿಗೆ ಬಿದ್ದರೆ ಮುಗಿಯಿತು, ಬಚ್ಚಲು ಸೋರಿದರೂ ಆಸಾಮಿ ಕೈಗೆ ಸಿಗುವುದಿಲ್ಲ. ಈಗಲೇ ಸಿಗುವುದಿಲ್ಲ, ಅದು ಬೇರೆ ಮಾತು. ಕೊನೆಗೆ ಆ ಚಿತ್ರಗಳ ಕುಳ್ಳ ಜನರಾದ ಹಾಬಿಟ್‌ಗಳ ರೋಮಭರಿತ ಕೃತಕ ಪಾದಗಳ ವಿಷಯ ಬಂತು. ಹೆಂಡತಿ ನನ್ನ ಚಪ್ಪಲಿಯತ್ತ ಬಗ್ಗಿ ನೋಡಿ, “ಇದಕ್ಕೆ ಇಷ್ಟೊಂದು ಖರ್ಚು ಯಾಕ್ರೀ? ನಿಮ್ಮನ್ನೇ ಕರೆದಿದ್ರೆ ಆಗ್ತಿತ್ತು” ಎಂದಳು.