ಕೆಂಟ್ ರೇಸಿನ ಸಂಧಿಪ್ರಕರಣ

ಹದಿಮೂರನೇ ಶತಮಾನದ ವೈಯಾಕರಣ ಕೇಶಿರಾಜ ಸಿಯಾಟಲ್ ಪಕ್ಕದ ಕೆಂಟ್ ಊರಿಗೆ ಬಂದಿದ್ದನೆಂಬುದಕ್ಕೆ ಶಾಸನಾಧಾರವಿಲ್ಲ. ಬಂದಿದ್ದರೆ, 1960ರಲ್ಲಿ ಶುರುವಾದ ಪೆಸಿಫಿಕ್ ರೇಸ್‌ವೇಸ್‌ನ ಎರಡೂಕಾಲು ಮೈಲಿ ಟಾರಿನ ಬದಿಯಲ್ಲಿ ಕೂತು ಇನ್ನೊಂದು ಸಂಧಿಪ್ರಕರಣ ಬರೆಯುತ್ತಿದ್ದ. ಆ ಕೊರತೆಯನ್ನು ಈ ಬಡ ಲೇಖಕ ತುಂಬಿಕೊಡುತ್ತಿದ್ದಾನೆ.

ಸೂತ್ರಂ: ನಿಯಮಂ ಪರಮಾಗೆ ಚಾಲಕಂಗೆ ಲೋಪಂ.

ವೃತ್ತಿ: ಹವ್ಯಾಸಿ ರೇಸಿನಲ್ಲಿ ಸರೀಕರು ಸರೀಕರೊಡನೆ ಓಡಲೆಂದು ಕಾರುಗಳನ್ನು ಕ್ಲಾಸುಗಳಾಗಿ ಬೇರ್ಪಡಿಸುತ್ತಾರೆ. ಕ್ಲಾಸಿಗೆ ಜನ ಬರಲೆಂದು ನಿಯಮ ತಿದ್ದುತ್ತಾರೆ. ಇದ್ದವರು ಮನೆಗೆ ಹೋಗುತ್ತಾರೆ.

ಆಗಮಕ್ಕೆ ಪ್ರಯೋಗ, ಸ್ಪೆಕ್ ಮಿಯಾಟ ಎಂಬ ಕ್ಲಾಸು. ಹೆಸರಿಗೆ ಎಲ್ಲವೂ ಒಂದೇ ಮಾಜ್ಡಾ, ಒಳಗೆ 1.6 ಲೀಟರಿನ ಅಣ್ಣ, 1.8ರ ತಮ್ಮ. ಗೆದ್ದವನ ಉಸಿರಿಗೆ ಸಣ್ಣ ತೂತಿನ ತಗಡು, ಹೊಟ್ಟೆಗೆ ಸೀಸ. ತೂಕದಲ್ಲಿ ಚಾಲಕನೂ ಸೇರುತ್ತಾನೆ. ಹಾಗಾಗಿ ಯುಗಾದಿ ಹೋಳಿಗೆ ಸೊಂಟಕ್ಕಿಳಿದಿದ್ದ ನಮ್ಮ ಮಿತ್ರರೊಬ್ಬರು ತಕ್ಕಡಿ ನೋಡಿ, ಕಾರಿನ ನೆಲಕ್ಕೆ ಬಿಗಿದಿದ್ದ ಸೀಸದ ಹಲಗೆಯೊಂದನ್ನು ಸ್ಪ್ಯಾನರಿನಿಂದ ಬಿಚ್ಚಿದರು. ಡಯಟ್ ಮಾಡಿದ ಮೇಲೆ ಅದೇ ಹಲಗೆ ಮತ್ತೆ ಆಗಮ.

ಆದೇಶ ಇನ್ನೂ ಗಹನ. ಫಾರ್ಮುಲಾ ಫೋರ್ಡ್ ಎಂಬ ಕ್ಲಾಸು 1967ರಲ್ಲಿ ಮೊದಲು ಓಡಿದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ. ಅದರ ಎಂಜಿನ್ನಿನ ಹೆಸರೂ ಕೆಂಟ್. ನಮ್ಮ ಕೆಂಟ್‌ಗೆ ಹಾಪ್ಸ್ ಬೆಳೆಯ ದೆಸೆಯಿಂದ ಬಂದ ಹೆಸರೂ ಆ ಪ್ರಾಂತದ್ದೇ. (ಕಾಕತಾಳೀಯ ಎಂದವರು ಪಂಡಿತರಲ್ಲ.) ಕ-ತ-ಪಗಳಿಗೆ ಗ-ದ-ಬ ಬಂದಂತೆ, ಅಮೆರಿಕದ ಹವ್ಯಾಸಿ ರೇಸು ನಡೆಸುವ ಎಸ್‌ಸಿಸಿಎ ಕ್ಲಬ್ಬಿನ ನಿಯಮದಲ್ಲಿ ಫೋರ್ಡಿನ ಜಾಗಕ್ಕೆ ಹೋಂಡಾ ಫಿಟ್ ಎಂಜಿನ್ನೂ ಬರಬಹುದೆಂದಾಯಿತು. ಕ್ಲಾಸಿನ ಹೆಸರಿನಲ್ಲೇ ಲೋಪವಾಗಿ 'ಫಾರ್ಮುಲಾ ಎಫ್' ಉಳಿಯಿತು. ಫೋರ್ಡಿಗೂ ಅವಕಾಶ ಇದ್ದುದರಿಂದ ವೈಯಾಕರಣರು ಇದನ್ನು ವಿಕಲ್ಪ ಎನ್ನುತ್ತಾರೆ. ಫೋರ್ಡ್ ಇಟ್ಟುಕೊಂಡಿದ್ದವರು ಅಂದದ್ದು ಅಚ್ಚಿಗೆ ಯೋಗ್ಯವಲ್ಲ.

ಇನ್ನು ಲೋಪ. ರಾಷ್ಟ್ರೀಯ ರೇಸುಗಳಿಗೆ ಸರಾಸರಿ 2.5 ಕಾರು ಬಾರದ ಕ್ಲಾಸಿಗೆ ರಾಷ್ಟ್ರೀಯ ಸ್ಥಾನಮಾನವಿಲ್ಲ ಎಂದು ಎಸ್‌ಸಿಸಿಎಯಲ್ಲಿ ಒಂದು ಕಾಲಕ್ಕೆ ನಿಯಮವಿತ್ತು. ಆ ಅರ್ಧ ಕಾರು ಯಾವುದು? ಪೂರ್ವಪಕ್ಷದವರು ಸರಾಸರಿ, ಗಣಿತ ಎಂದೆಲ್ಲ ಹಾರಾಡುತ್ತಾರೆ. ಅರ್ಧ ಕಾರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೋಳಿಗೆ ಮಿತ್ರರ ಮನೆಯ ಹಿತ್ತಲಲ್ಲಿ, ಟ್ರೇಲರ್ ಮೇಲೆ, ಎಂಜಿನ್ ಬಿಚ್ಚಿಕೊಂಡು ನಿಂತಿತ್ತು.

"ರೂಲ್ಸ್ ಒಂದ್ಕಡೆ ನಿಲ್ಲಲಿ ಸ್ವಾಮಿ, ಬರ್ತೀನಿ" ಎಂದರು. ಹೋದ ವರ್ಷವೂ ಹಾಗೇ ಅಂದಿದ್ದರು. ಮೇಲೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಸೀಸದ ಹಲಗೆ ಕಟ್ಟಿದ್ದರು.